ಬೆರಳು ಸಿಕ್ಕಿಸಿಟ್ಟ ಪುಟಗಳು

1980ರ ದಶಕದಲ್ಲಿ ಇಂಗ್ಲಿಷ್ ಗೇಮ್‌ಬುಕ್‌ಗಳನ್ನು, ಅಂದರೆ ಕಥೆ ಮುಂದೆ ಎತ್ತ ಸಾಗಬೇಕೆಂದು ಓದುಗನೇ ಆರಿಸಿಕೊಳ್ಳುವ ಪುಸ್ತಕಗಳನ್ನು, ಓದಿ ಬೆಳೆದವರು ಆ ಪುಸ್ತಕಗಳ ಮಾತೆತ್ತಿದರೆ ಮೊದಲು ನೆನಪಿಸಿಕೊಳ್ಳುವುದು ಕಥೆಯನ್ನಲ್ಲ, ತಮ್ಮ ಕೈಬೆರಳುಗಳನ್ನು. ಗುಹೆಯಲ್ಲಿ ದಾರಿ ಎರಡಾಗಿ ಕವಲೊಡೆಯುತ್ತದೆ. ಎಡಕ್ಕೆ ಹೋಗುವುದಾದರೆ ಒಂದು ಪುಟ, ಬಲಕ್ಕೆ ಹೋಗುವುದಾದರೆ ಇನ್ನೊಂದು. ಎಡಕ್ಕೆ ಹೋಗೋಣವೆಂದು ಪುಟ ತಿರುಗಿಸುವ ಮುನ್ನ ಈಗಿರುವ ಪುಟದಲ್ಲಿ ಒಂದು ಬೆರಳನ್ನು ಸಿಕ್ಕಿಸಿಟ್ಟುಕೊಂಡು, ಅಲ್ಲಿ ಸಾವು ಕಾದಿದ್ದರೆ ಏನೂ ಆಗಿಯೇ ಇಲ್ಲವೆಂಬಂತೆ ಹಿಂದಕ್ಕೆ ಬರುವ ಉಪಾಯವನ್ನು ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ಆದರೂ ಅದು ಎಲ್ಲ ಮಕ್ಕಳಿಗೂ ಹೊಳೆಯಿತು. ಒಂದು ಬೆರಳು ಸಾಲದಾದಾಗ ಎರಡು, ಎರಡು ಸಾಲದಾದಾಗ ಮೂರು. ಕೊನೆಗೆ ಐದೂ ಬೆರಳು ಪುಸ್ತಕದೊಳಗೆ ಸಿಕ್ಕಿಹಾಕಿಕೊಂಡು, ಪುಟ ತಿರುಗಿಸಲು ಮೂಗನ್ನೋ ಮೊಣಕೈಯನ್ನೋ ಬಳಸಬೇಕಾದ ಸ್ಥಿತಿ ಬರುತ್ತಿತ್ತು.

ಈಗ ನಲವತ್ತು ಐವತ್ತರ ಆಸುಪಾಸಿನಲ್ಲಿರುವ ಆ ಓದುಗರು ಹಳೆಯ ಪ್ರತಿಗಳನ್ನು ಹುಡುಕಿ ಕೊಂಡುಕೊಳ್ಳುತ್ತಿರುವುದನ್ನು ನೋಡಿದರೆ ಒಂದು ಪ್ರಶ್ನೆ ಏಳುತ್ತದೆ. ಈ ಪುಸ್ತಕಗಳಲ್ಲಿ ಹೆಚ್ಚಿನವು ಸಾಹಿತ್ಯದ ದೃಷ್ಟಿಯಿಂದ ಸಾಧಾರಣವಾದವು. ಪಾತ್ರಗಳಿಗೆ ಆಳವಿಲ್ಲ, ಮಾತುಕತೆ ಒರಟು, ವರ್ಣನೆಗಳು ಸವೆದವು. ಹಾಗಿದ್ದೂ ಅದೇ ಕಾಲದಲ್ಲಿ ಓದಿದ ಎಷ್ಟೋ ಒಳ್ಳೆಯ ಕಾದಂಬರಿಗಳು ಮಸುಕಾಗಿ ಹೋಗಿ, ಈ ಅಗ್ಗದ ಪುಸ್ತಕಗಳು ಮಾತ್ರ ಮೈಗೆ ಅಂಟಿಕೊಂಡಂತೆ ಉಳಿದದ್ದು ಹೇಗೆ? ಬಾಲ್ಯದ ಬಗೆಗಿನ ಸಾಮಾನ್ಯ ಹಂಬಲ ಎಂದು ಹೇಳಿ ಸುಮ್ಮನಾಗಬಹುದು, ಆದರೆ ಉತ್ತರ ಆ ಪುಸ್ತಕಗಳನ್ನು ಕಟ್ಟಿದ ಬಗೆಯಲ್ಲೇ ಇದೆ ಎಂಬುದು ನನ್ನ ಅಭಿಪ್ರಾಯ. ಅದನ್ನು ತಿಳಿಯಬೇಕಾದರೆ ಪುಸ್ತಕದ ಹೊಲಿಗೆ ಬಿಚ್ಚಿ ಒಳಗೆ ನೋಡಬೇಕಾಗುತ್ತದೆ.

ಎಲ್ಲವೂ ಶುರುವಾದದ್ದು ಮಲಗುವ ಹೊತ್ತಿನ ಒಂದು ಕಥೆಯಿಂದ. ಅಮೆರಿಕದ ವಕೀಲ ಎಡ್ವರ್ಡ್ ಪ್ಯಾಕರ್ಡ್ 1960ರ ದಶಕದ ಕೊನೆಯಲ್ಲಿ ತಮ್ಮ ಹೆಣ್ಣುಮಕ್ಕಳಿಗೆ ಪೀಟ್ ಎಂಬ ಹುಡುಗನ ಸಾಹಸಗಳನ್ನು ಹೇಳುತ್ತಿದ್ದರು. ಒಂದು ರಾತ್ರಿ ಮುಂದೇನು ಹೇಳಬೇಕೆಂದು ತೋಚದೆ, ಈಗ ಪೀಟ್ ಏನು ಮಾಡಬೇಕೆಂದು ಮಕ್ಕಳನ್ನೇ ಕೇಳಿದರು. ಒಬ್ಬೊಬ್ಬರು ಒಂದೊಂದು ಉತ್ತರ ಕೊಟ್ಟರು, ಅವರು ಎರಡೂ ಉತ್ತರಗಳನ್ನು ಹಿಡಿದು ಎರಡು ಕಥೆಗಳನ್ನು ಮುಂದುವರಿಸಿದರು. ನಮ್ಮ ಅಜ್ಜಿಯರು ಕಥೆ ಹೇಳುವಾಗ ಕೇಳುವವರು ಎಚ್ಚರವಾಗಿದ್ದಾರೆಂಬುದಕ್ಕೆ ‘ಹೂಂ’ಗುಟ್ಟುವುದು ಕಡ್ಡಾಯವಾಗಿತ್ತು; ಪ್ಯಾಕರ್ಡ್ ಅವರ ಮಕ್ಕಳು ಆ ‘ಹೂಂ’ನ ಜಾಗದಲ್ಲಿ ತಮ್ಮದೊಂದು ತೀರ್ಮಾನವನ್ನು ಇಟ್ಟರು ಎನ್ನಬಹುದು. ಪ್ಯಾಕರ್ಡ್ ಇದನ್ನು ಪುಸ್ತಕವಾಗಿ ಬರೆದಾಗ ಪ್ರಕಾಶಕರು ಒಪ್ಪಲಿಲ್ಲ. ಕೆಲವು ವರ್ಷ ಪೆಟ್ಟಿಗೆಯಲ್ಲೇ ಉಳಿದ ಹಸ್ತಪ್ರತಿಯನ್ನು ಆರ್. ಎ. ಮಾಂಟ್‌ಗೊಮರಿ ಅವರ ವರ್ಮಾಂಟ್ ಕ್ರಾಸ್‌ರೋಡ್ಸ್ ಎಂಬ ಪುಟ್ಟ ಪ್ರಕಾಶನ ಸಂಸ್ಥೆ 1976ರಲ್ಲಿ ಅಚ್ಚು ಹಾಕಿತು. ದೊಡ್ಡ ಪ್ರಕಾಶನ ಸಂಸ್ಥೆಯಾದ ಬ್ಯಾಂಟಮ್ 1979ರಲ್ಲಿ ‘ಚೂಸ್ ಯುವರ್ ಓನ್ ಅಡ್ವೆಂಚರ್’ ಎಂಬ ಮಾಲೆಯನ್ನು ಆರಂಭಿಸಿತು. ಪ್ಯಾಕರ್ಡ್ ಅವರ ‘ದಿ ಕೇವ್ ಆಫ್ ಟೈಮ್’ ಅದರ ಮೊದಲ ಪುಸ್ತಕ. 1998ರಲ್ಲಿ ಮಾಲೆ ನಿಲ್ಲುವ ವೇಳೆಗೆ 184 ಪುಸ್ತಕಗಳು ಬಂದಿದ್ದವು. ಮಾರಾಟವಾದ ಪ್ರತಿಗಳ ಲೆಕ್ಕವನ್ನು 25 ಕೋಟಿಗೂ ಮಿಕ್ಕಿ ಹೇಳುತ್ತಾರೆ.

ಕವಲೊಡೆಯುವ ಪುಸ್ತಕದ ಕಲ್ಪನೆ ಅದಕ್ಕೂ ಹಿಂದಿನದು. 1930ರಲ್ಲೇ ಡೋರಿಸ್ ವೆಬ್‌ಸ್ಟರ್ ಮತ್ತು ಮೇರಿ ಆಲ್ಡೆನ್ ಹಾಪ್ಕಿನ್ಸ್ ಎಂಬ ಇಬ್ಬರು ಲೇಖಕಿಯರು ಓದುಗರೇ ಪಾತ್ರಗಳ ಬದುಕಿನ ತೀರ್ಮಾನ ತೆಗೆದುಕೊಳ್ಳುವಂಥ ಕಾದಂಬರಿಯೊಂದನ್ನು ಅಮೆರಿಕದಲ್ಲಿ ಪ್ರಕಟಿಸಿದ್ದರು. 1967ರಲ್ಲಿ ಫ್ರೆಂಚ್ ಲೇಖಕ ರೇಮೋ ಕೆನೊ ಒಂದು ತಮಾಷೆಯ ಕವಲುಕಥೆಯನ್ನು ಬರೆದರು. ಇವೆರಡಕ್ಕಿಂತ ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಪಠ್ಯಪುಸ್ತಕಗಳ ಲೋಕದ ಒಂದು ಪ್ರಯೋಗ. 1950ರ ದಶಕದ ಕೊನೆಯಲ್ಲಿ ನಾರ್ಮನ್ ಕ್ರೌಡರ್ ಎಂಬವರು ರೂಪಿಸಿದ ‘ಟ್ಯೂಟರ್ ಟೆಕ್ಸ್ಟ್’ ಪುಸ್ತಕಗಳಲ್ಲಿ ಪಾಠದ ಕೊನೆಗೊಂದು ಪ್ರಶ್ನೆ, ಪ್ರತಿ ಉತ್ತರದ ಎದುರಿಗೂ ಒಂದು ಪುಟದ ಸಂಖ್ಯೆ ಇರುತ್ತಿತ್ತು. ಸರಿ ಉತ್ತರ ಆರಿಸಿದವನು ಮುಂದಿನ ಪಾಠಕ್ಕೆ ಹೋಗುತ್ತಿದ್ದ. ತಪ್ಪು ಉತ್ತರ ಆರಿಸಿದವನಿಗೆ ಅವನು ಎಲ್ಲಿ ಎಡವಿದನೆಂದು ತಿಳಿಹೇಳುವ ಪುಟವೊಂದು ಕಾದಿರುತ್ತಿತ್ತು. ರಾಕ್ಷಸರನ್ನೂ ನಿಧಿಯನ್ನೂ ತೆಗೆದುಬಿಟ್ಟರೆ ಗೇಮ್‌ಬುಕ್ಕಿನ ಎಲುಬಿನ ಹಂದರ ಇದೇ.

ಲೇಖಕನಿಗೆ ಎದುರಾಗುವ ಮೊದಲ ತೊಡಕು ಗಣಿತದ್ದು. ಪ್ರತಿ ಪುಟದ ಕೊನೆಗೂ ಎರಡು ಆಯ್ಕೆಗಳಿದ್ದು, ಒಮ್ಮೆ ಬೇರೆಯಾದ ದಾರಿಗಳು ಮತ್ತೆಂದೂ ಕೂಡುವುದಿಲ್ಲವೆಂದು ಇಟ್ಟುಕೊಳ್ಳೋಣ. ಮೊದಲ ಪುಟ ಒಂದು, ಮುಂದಿನ ಹಂತದಲ್ಲಿ 2, ಅಲ್ಲಿಂದ 4, 8, 16, 32, 64. ಓದುಗ ಆರೇ ಆರು ತೀರ್ಮಾನಗಳನ್ನು ಮಾಡುವಷ್ಟರಲ್ಲಿ ಪುಸ್ತಕಕ್ಕೆ 127 ಪುಟಗಳು ಬೇಕಾಗಿರುತ್ತವೆ, ಅಂದರೆ ಮಕ್ಕಳ ಪುಸ್ತಕವೊಂದರ ಪೂರ್ತಿ ಗಾತ್ರ ಅಲ್ಲಿಗೇ ಮುಗಿದುಹೋಗಿರುತ್ತದೆ. ಹತ್ತು ತೀರ್ಮಾನಗಳ ಕಥೆಗೆ 2047 ಪುಟಗಳು ಬೇಕು, ಅಷ್ಟರಲ್ಲಿ ಓದುಗ ಒಂದು ಸಲಕ್ಕೆ ಓದುವುದು ಬರೀ 11 ಪುಟಗಳನ್ನು. ಕವಲುಗಳನ್ನು ಹೀಗೆ ಮುಕ್ತವಾಗಿ ಬೆಳೆಯಲು ಬಿಟ್ಟರೆ ಲೇಖಕ ಜೀವಮಾನವಿಡೀ ಬರೆದರೂ ಓದುಗನಿಗೆ ಸಿಗುವುದು ಹತ್ತು ನಿಮಿಷದ ಕಥೆ.

ಆದ್ದರಿಂದ ಗೇಮ್‌ಬುಕ್ ಬರೆಯುವ ವಿದ್ಯೆಯೆಂದರೆ ಬಹುಮಟ್ಟಿಗೆ ಕವಲುಗಳನ್ನು ಸವರುವ ವಿದ್ಯೆ, ತೋಟದ ಕೆಲಸದಂತೆ. ಅತಿ ಸುಲಭದ ಉಪಾಯ ಓದುಗನನ್ನು ಬೇಗ ಕೊಂದುಬಿಡುವುದು: ಹಾವು ಕಚ್ಚಿತು, ಬಂಡೆ ಉರುಳಿತು, ಕಥೆ ಮುಗಿಯಿತು. ಬಾಲ್ಯದಲ್ಲಿ ಕ್ರೂರವೆನಿಸಿದ ಆ ದಿಢೀರ್ ಸಾವುಗಳ ಹಿಂದೆ ಪುಟ ಉಳಿಸುವ ಹಂಚಿಕೆ ಇತ್ತೆಂದು ನನಗೆ ತಿಳಿದದ್ದು ತುಂಬಾ ತಡವಾಗಿ. ಇನ್ನೊಂದು ಉಪಾಯ ದಾರಿಗಳನ್ನು ಮರಳಿ ಕೂಡಿಸುವುದು. ನೀವು ಸೇತುವೆ ದಾಟಿಯೇ ಬನ್ನಿ, ಈಜಿಯೇ ಬನ್ನಿ, ಕೊನೆಗೆ ನಿಲ್ಲುವುದು ಅದೇ ಕೋಟೆಯ ಬಾಗಿಲಿಗೆ. ಇದನ್ನು ಅಚ್ಚುಕಟ್ಟಾಗಿ ಮಾಡಿದರೆ ಓದುಗನಿಗೆ ತನ್ನ ಆಯ್ಕೆಗೆ ಬೆಲೆಯಿಲ್ಲವೆಂಬುದು ಗೊತ್ತಾಗುವುದಿಲ್ಲ, ಒರಟಾಗಿ ಮಾಡಿದರೆ ಎರಡನೆಯ ಓದಿನಲ್ಲೇ ಗುಟ್ಟು ರಟ್ಟಾಗುತ್ತದೆ. ಮೂರನೆಯದು ಓದುಗನನ್ನು ಸುತ್ತಿಸಿ ಹಳೆಯ ಜಾಗಕ್ಕೇ ತಂದು ನಿಲ್ಲಿಸುವುದು. ‘ದಿ ಕೇವ್ ಆಫ್ ಟೈಮ್’ನಲ್ಲಿ ಕಾಲದ ಗುಹೆಯೇ ಇಂಥ ಒಂದು ಕೂಡುದಾರಿ. ಬೇರೆ ಬೇರೆ ಯುಗಗಳಿಗೆ ಹೋಗಿಬಂದ ಓದುಗ ಮತ್ತೆ ಗುಹೆಯ ಸುರಂಗಗಳಿಗೆ ಬಿದ್ದು ಇನ್ನೊಂದು ಕಡೆ ತೆರೆದುಕೊಳ್ಳಬಹುದು. ಕಥೆಯ ಕಲ್ಪನೆಯೂ ಪುಸ್ತಕದ ರಚನೆಯೂ ಅಲ್ಲಿ ಒಂದೇ ಆಗಿವೆ. ಮೊದಲ ಪುಸ್ತಕವೇ ಅಷ್ಟು ಚೆನ್ನಾಗಿ ಒದಗಿಬಂದದ್ದು ಮಾಲೆಯ ಅದೃಷ್ಟ. ಅದರ ಮುಖಪುಟ 40 ಮುಕ್ತಾಯಗಳ ಆಸೆ ತೋರಿಸುತ್ತಿತ್ತು. ಮಾಲೆ ಬೆಳೆದಂತೆ ಮುಕ್ತಾಯಗಳ ಸಂಖ್ಯೆ ಇಳಿಯುತ್ತ, ಒಂದೊಂದು ಎಳೆಯೂ ಉದ್ದವಾಗುತ್ತ ಹೋಯಿತು. ಕಥೆ ಗಟ್ಟಿಯಾಯಿತು, ಆದರೆ ಓದುಗನ ಕೈಯ ಕಡಿವಾಣ ಸಡಿಲವಾಯಿತು.

ಈ ಮಾಲೆಯಲ್ಲಿ ಒಂದು ವಿಚಿತ್ರ ಪುಸ್ತಕವಿದೆ. 1982ರಲ್ಲಿ ಬಂದ, ಪ್ಯಾಕರ್ಡ್ ಅವರೇ ಬರೆದ ‘ಇನ್‌ಸೈಡ್ ಯುಎಫ್‌ಒ 54-40’ರಲ್ಲಿ ಅಲ್ಟಿಮಾ ಎಂಬ ಸ್ವರ್ಗಸಮಾನ ಗ್ರಹದ ಪ್ರಸ್ತಾಪ ಬರುತ್ತದೆ. ಯಾವ ಆಯ್ಕೆ ಮಾಡಿದರೂ, ಯಾವ ಸೂಚನೆಯನ್ನು ಪಾಲಿಸಿದರೂ ಅಲ್ಲಿಗೆ ತಲುಪಲಾಗುವುದಿಲ್ಲ. ಆದರೆ ಪುಸ್ತಕದೊಳಗೆ ಅಲ್ಟಿಮಾವನ್ನು ವರ್ಣಿಸುವ ಪುಟಗಳು ಇವೆ! ಯಾವ ದಾರಿಯೂ ಆ ಪುಟಗಳನ್ನು ತೋರಿಸುವುದಿಲ್ಲ, ಅಷ್ಟೆ. ನಿಯಮ ಮುರಿದು ಸುಮ್ಮನೆ ಪುಟ ತಿರುವಿಹಾಕಿದ ಮಗು ಮಾತ್ರ ಅಲ್ಲಿಗೆ ಬಂದು ನಿಲ್ಲುತ್ತದೆ, ಅಲ್ಲಿ ಅದಕ್ಕೆ ಬೈಗುಳದ ಬದಲು ಅಭಿನಂದನೆ ಕಾದಿರುತ್ತದೆ. ಬೆರಳು ಸಿಕ್ಕಿಸಿಕೊಳ್ಳುವ ಓದುಗರನ್ನು ಲೇಖಕರು ಮೊದಲಿನಿಂದಲೂ ಬಲ್ಲವರಾಗಿದ್ದರು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಅದೇ 1982ರಲ್ಲಿ ಇಂಗ್ಲೆಂಡಿನಲ್ಲಿ ಗೇಮ್‌ಬುಕ್ ಇನ್ನೊಂದು ಅವತಾರವೆತ್ತಿತು. ಗೇಮ್ಸ್ ವರ್ಕ್‌ಶಾಪ್ ಎಂಬ ಕಂಪನಿಯನ್ನು ಕಟ್ಟಿದವರಲ್ಲಿ ಇಬ್ಬರಾದ ಸ್ಟೀವ್ ಜಾಕ್ಸನ್ ಮತ್ತು ಇಯಾನ್ ಲಿವಿಂಗ್‌ಸ್ಟನ್ ಸೇರಿ ಬರೆದ ‘ದಿ ವಾರ್ಲಾಕ್ ಆಫ್ ಫೈರ್‌ಟಾಪ್ ಮೌಂಟನ್’ ಪುಸ್ತಕವನ್ನು ಪೆಂಗ್ವಿನ್‌ನ ಮಕ್ಕಳ ವಿಭಾಗವಾದ ಪಫಿನ್ ಹೊರತಂದಿತು. ಬೆಟ್ಟದೊಳಗಿನ ಮಾಂತ್ರಿಕನ ನಿಧಿಯನ್ನು ಹುಡುಕಿ ಹೋಗುವ ಕಥೆ; ಅರ್ಧ ಒಬ್ಬರು, ಅರ್ಧ ಇನ್ನೊಬ್ಬರು ಬರೆದು ನಡುವೆ ಒಂದು ನದಿಯಿಟ್ಟು ಜೋಡಿಸಿದ ಪುಸ್ತಕವದು. ಅಲ್ಲಿಂದ ಬೆಳೆದ ‘ಫೈಟಿಂಗ್ ಫ್ಯಾಂಟಸಿ’ ಮಾಲೆ 1995ರವರೆಗೆ ಪಫಿನ್‌ನಲ್ಲೇ 59 ಪುಸ್ತಕಗಳಿಗೆ ಹಬ್ಬಿತು, ಒಟ್ಟು ಸುಮಾರು 2 ಕೋಟಿ ಪ್ರತಿಗಳು ಮಾರಾಟವಾದವು. ಪುಸ್ತಕವನ್ನು ಪುಟಗಳ ಬದಲು 400 ಕಂಡಿಕೆಗಳಾಗಿ ಒಡೆದು, ಅವುಗಳ ಕ್ರಮವನ್ನು ಬೇಕೆಂದೇ ಕಲಸಿ, ಒಂದೊಂದಕ್ಕೂ ಸಂಖ್ಯೆ ಕೊಡಲಾಗಿತ್ತು. 1ನೆಯ ಕಂಡಿಕೆಯಲ್ಲಿ ಪ್ರಯಾಣ ಆರಂಭವಾದರೆ 400ನೆಯದರಲ್ಲಿ ಜಯ. ನಡುವಿನ ಬಹುತೇಕ ದಾರಿಗಳು ಮಣ್ಣುಗೂಡುವ ದಾರಿಗಳು. ಅಮೆರಿಕದ ಮಾಲೆ ಎಲ್ಲ ದಿಕ್ಕಿಗೂ ಹರಡುವ ಮರದಂತಿದ್ದರೆ, ಇದು ಒಂದೇ ಬಾಗಿಲಿರುವ ಚಕ್ರವ್ಯೂಹದಂತಿತ್ತು.

ಕಂಡಿಕೆಗಳನ್ನು ಹೀಗೆ ಕಲಸಿದ್ದರಿಂದ ಆದ ಪರಿಣಾಮವೊಂದನ್ನು ಅದನ್ನು ಓದಿದವರೇ ಬಲ್ಲರು. 211ನೆಯ ಕಂಡಿಕೆಯನ್ನು ಹುಡುಕುತ್ತ ಹೋಗುವಾಗ ಪಕ್ಕದ ಪುಟದಲ್ಲಿ, ಕತ್ತಲಿನ ಕೋಣೆಯಿಂದ ನಮ್ಮತ್ತಲೇ ದಿಟ್ಟಿಸುವ ಯಾವುದೋ ಪ್ರಾಣಿಯ ಕಪ್ಪು ಬಿಳುಪು ಚಿತ್ರ ಕಣ್ಣಿಗೆ ಬೀಳುತ್ತದೆ. ರಸ್ ನಿಕಲ್ಸನ್ ಅವರ ರೇಖೆಗಳಲ್ಲಿ ಒಂದೊಂದು ಇಟ್ಟಿಗೆಯೂ ಒಂದೊಂದು ಹಲ್ಲೂ ಎಣಿಸುವಂತೆ ಇರುತ್ತಿತ್ತು. ಆ ಪ್ರಾಣಿ ಯಾರು, ಆ ಕೋಣೆ ಎಲ್ಲಿದೆ, ಅಲ್ಲಿಗೆ ಹೋಗುವ ದಾರಿ ಯಾವುದು ಎಂಬುದೊಂದೂ ತಿಳಿಯದು. ಆದರೆ ಅದು ಈ ಬೆಟ್ಟದೊಳಗೇ ಎಲ್ಲೋ ಇದೆಯೆಂಬುದು ಖಚಿತ. ಸಾಮಾನ್ಯ ಕಾದಂಬರಿಯಲ್ಲಿ ಮುಂದಿನ ಪುಟ ಇನ್ನೂ ಬಾರದ ಕಾಲ. ಇಲ್ಲಿ ಅದು ಈಗಾಗಲೇ ಇರುವ, ನಾವಿನ್ನೂ ಕಾಲಿಡದ ಜಾಗ. ಕೆಲವು ಮಕ್ಕಳು ಆ ಚಿತ್ರದ ಕಂಡಿಕೆಯ ಸಂಖ್ಯೆಯನ್ನು ನೋಡಿಕೊಂಡು, ಇಡೀ ಪುಸ್ತಕದಲ್ಲಿ ಆ ಸಂಖ್ಯೆಗೆ ಕಳುಹಿಸುವ ವಾಕ್ಯ ಎಲ್ಲಿದೆಯೆಂದು ಹಿಮ್ಮುಖವಾಗಿ ಹುಡುಕುತ್ತಿದ್ದರು. ಇಂದು ಕಂಪ್ಯೂಟರ್ ವಿಜ್ಞಾನದ ತರಗತಿಯಲ್ಲಿ ಗ್ರಾಫ್ (ಬಿಂದುಗಳೂ ಅವನ್ನು ಜೋಡಿಸುವ ಗೆರೆಗಳೂ ಸೇರಿದ ಜಾಲ) ಎಂದು ಕಲಿಸುವ ವಿಷಯವನ್ನು ಅವರು ಹೆಸರು ಗೊತ್ತಿಲ್ಲದೆಯೇ ಕಲಿಯುತ್ತಿದ್ದರು.

ಬ್ರಿಟಿಷ್ ಪುಸ್ತಕಗಳ ನಿಜವಾದ ಹೊಸತನ ದಾಳಗಳಲ್ಲಿತ್ತು. ಆಟ ಶುರುವಾಗುವ ಮೊದಲು ಓದುಗ ದಾಳ ಹಾಕಿ ತನ್ನ ಮೂರು ಗುಣಗಳನ್ನು ನಿರ್ಧರಿಸಿಕೊಳ್ಳಬೇಕು. ಕೌಶಲಕ್ಕೆ ಒಂದು ದಾಳದ ಸಂಖ್ಯೆಗೆ 6 ಕೂಡಿಸಬೇಕು, ಕಸುವಿಗೆ ಎರಡು ದಾಳಗಳ ಮೊತ್ತಕ್ಕೆ 12, ಅದೃಷ್ಟಕ್ಕೆ ಮತ್ತೆ ಒಂದು ದಾಳಕ್ಕೆ 6. ಹೊಡೆದಾಟದಲ್ಲಿ ಎರಡೂ ಕಡೆಯವರ ಪರವಾಗಿ ಎರಡೆರಡು ದಾಳ ಹಾಕಿ ಅವರವರ ಕೌಶಲವನ್ನು ಸೇರಿಸಿದಾಗ ಯಾರ ಮೊತ್ತ ಕಡಿಮೆಯೋ ಅವರ ಕಸುವಿನಲ್ಲಿ 2 ಕಳೆಯುತ್ತದೆ. ನಿಯಮ ಎಷ್ಟು ಸರಳವೆಂದರೆ ಒಂದು ಪುಟ ಓದಿದ ಹತ್ತು ವರ್ಷದ ಮಗು ಕೂಡಲೇ ಆಡಬಲ್ಲದು.

ಆದರೆ ಆ ಸರಳತೆಯೊಳಗೆ ಒಂದು ಅನ್ಯಾಯ ಅಡಗಿತ್ತು. ಕೌಶಲ 9 ಇರುವ ಒಂದು ಪ್ರಾಣಿ ಎದುರಾಯಿತೆನ್ನೋಣ. ಆರಂಭದಲ್ಲಿ 6 ಬಿದ್ದ ಮಗುವಿನ ಕೌಶಲ 12, ಅದು ನೂರಕ್ಕೆ ಸುಮಾರು 76 ಸುತ್ತುಗಳನ್ನು ಗೆಲ್ಲುತ್ತದೆ. ಆರಂಭದಲ್ಲಿ 1 ಬಿದ್ದ ಮಗುವಿನ ಕೌಶಲ 7, ಅದು ಗೆಲ್ಲುವುದು ನೂರಕ್ಕೆ ಸುಮಾರು 24 ಸುತ್ತುಗಳನ್ನು ಮಾತ್ರ. ಎರಡು ದಾಳಗಳ ಮೊತ್ತ ನಡುವಿನ ಸಂಖ್ಯೆಗಳ ಕಡೆಗೇ ಹೆಚ್ಚು ವಾಲುವುದರಿಂದ, ಕೌಶಲದಲ್ಲಿನ ಸಣ್ಣ ಅಂತರ ಗೆಲುವಿನಲ್ಲಿ ಬೃಹತ್ ಅಂತರವಾಗಿ ಬೆಳೆಯುತ್ತದೆ. ಒಂದೇ ಹೊಡೆದಾಟದಲ್ಲಿ ಹತ್ತಾರು ಸುತ್ತುಗಳಿರುವುದರಿಂದ ಆ ಅಂತರ ಸುತ್ತು ಸುತ್ತಿಗೂ ಪೇರುತ್ತ ಹೋಗಿ, ದುರ್ಬಲ ಮಗುವಿಗೆ ಉಳಿಯುವ ಆಸೆ ಅತ್ಯಲ್ಪ. ಅಂದರೆ ಕಥೆಯ ಮೊದಲ ಸಾಲನ್ನು ಓದುವ ಮುನ್ನವೇ ಒಂದು ದಾಳದ ಒಂದು ಉರುಳು ಬಹುಪಾಲು ಹಣೆಬರಹವನ್ನು ಬರೆದುಬಿಡುತ್ತಿತ್ತು. ಎಷ್ಟೇ ದುರ್ಬಲ ಅಂಕಿಗಳಿದ್ದರೂ ಸರಿಯಾದ ದಾರಿ ಹಿಡಿದರೆ ಗುರಿ ಮುಟ್ಟಬಹುದೆಂದು ಮೊದಲ ಪುಸ್ತಕದ ಆರಂಭದ ಮಾತುಗಳು ಭರವಸೆ ನೀಡುತ್ತವೆ. ಮುಂದಿನ ಹಲವು ಪುಸ್ತಕಗಳು ಆ ಭರವಸೆಯನ್ನು ಉಳಿಸಿಕೊಂಡವೆಂದು ನನಗೆ ಅನಿಸುವುದಿಲ್ಲ.

ಅದೃಷ್ಟದ ನಿಯಮ ಇದಕ್ಕಿಂತ ಸೊಗಸಾದದ್ದು. ಎರಡು ದಾಳಗಳ ಮೊತ್ತ ನಿಮ್ಮ ಅದೃಷ್ಟದ ಅಂಕಿಯನ್ನು ಮೀರದಿದ್ದರೆ ನೀವು ಪಾರಾದಿರಿ. ಆದರೆ ಪಾರಾಗಲಿ ಬಿಡಲಿ, ಪ್ರತಿ ಪರೀಕ್ಷೆಯ ನಂತರವೂ ಅದೃಷ್ಟ 1 ಇಳಿಯುತ್ತದೆ. ಅದೃಷ್ಟ 12 ಇದ್ದಾಗ ಸೋಲೇ ಇಲ್ಲ. 10ಕ್ಕೆ ಬಂದಾಗ 36ರಲ್ಲಿ 33 ಸಲ ಗೆಲುವು, 8ಕ್ಕೆ ಬಂದಾಗ 26 ಸಲ, 7ಕ್ಕೆ ಬಂದಾಗ 21 ಸಲ. ಮೊದಮೊದಲು ನೆಲ ಮೆಲ್ಲಗೆ ಇಳಿಜಾರಾಗುತ್ತ, ಆಮೇಲೆ ಒಮ್ಮೆಲೇ ಕುಸಿಯುತ್ತದೆ. ಅದೃಷ್ಟವನ್ನು ನಂಬಿಕೊಂಡಷ್ಟೂ ಅದು ಕರಗುತ್ತದೆ ಎಂಬುದನ್ನು ಒಂದೂ ನೀತಿಮಾತಿಲ್ಲದೆ, ಬರೀ ಕೂಡು ಕಳೆಯುವ ಲೆಕ್ಕದಲ್ಲಿ ಈ ನಿಯಮ ಮಕ್ಕಳ ಮನಸ್ಸಿಗೆ ಇಳಿಸಿತು.

ಹೀಗಿರುವಾಗ ಮಕ್ಕಳು ಏನು ಮಾಡಿದರು? ಮೋಸ ಮಾಡಿದರು. 6 ಬೀಳುವವರೆಗೂ ದಾಳ ಹಾಕಿದರು; ದಾಳ ಮಂಚದ ಕೆಳಗೆ ಉರುಳಿದ್ದು ಲೆಕ್ಕಕ್ಕಿಲ್ಲವೆಂದರು; ಕಡೆಕಡೆಗೆ ದಾಳವನ್ನೇ ಎತ್ತಿಟ್ಟು, ಎಲ್ಲ ಹೊಡೆದಾಟಗಳನ್ನೂ ಗೆದ್ದೆವೆಂದು ಭಾವಿಸಿ ಮುಂದೆ ಹೋದರು. ಪುಸ್ತಕಕ್ಕೆ ಕಣ್ಣಿಲ್ಲ, ಅದು ಯಾವ ಆಕ್ಷೇಪವನ್ನೂ ಎತ್ತುವಂತಿಲ್ಲ. ನಿಯಮಗಳನ್ನು ಪಾಲಿಸುವ ಹೊಣೆಯನ್ನು ಪೂರ್ತಿಯಾಗಿ ಮಗುವಿನ ಕೈಗೆ ಒಪ್ಪಿಸಿ ಅದು ಸುಮ್ಮನಿರುತ್ತಿತ್ತು. ಪರೀಕ್ಷೆ, ಹಾಜರಿ, ರೂಲುದೊಣ್ಣೆಗಳ ನಡುವೆ ಬೆಳೆಯುತ್ತಿದ್ದ ಮಗುವಿಗೆ ತನ್ನ ಮೇಲೆ ಯಾರೂ ನಿಗಾ ಇಟ್ಟಿಲ್ಲದ, ಆದರೂ ನಿಯಮಗಳಿಂದ ತುಂಬಿದ ಇಂಥ ಜಾಗ ಬೇರೆಲ್ಲೂ ಸಿಗುತ್ತಿರಲಿಲ್ಲ. ನನ್ನ ಮಟ್ಟಿಗೆ, ಈ ಪುಸ್ತಕಗಳ ಮೇಲಿನ ಹಂಬಲದ ತಿರುಳು ಇಲ್ಲೇ ಇದೆ.

ಲೇಖಕರು ಇದನ್ನು ಬಲ್ಲವರಾಗಿದ್ದರಿಂದ ಮಕ್ಕಳೊಡನೆ ಒಂದು ಬಗೆಯ ಪೈಪೋಟಿಗೆ ಇಳಿದರು. ‘ವಾರ್ಲಾಕ್’ನ ಕೊನೆಯಲ್ಲಿ ಮಾಂತ್ರಿಕನ ಪೆಟ್ಟಿಗೆಗೆ ಹಲವು ಬೀಗಗಳಿವೆ. ದಾರಿಯಲ್ಲಿ ಸಿಕ್ಕಿದ ಕೀಲಿಗಳ ಮೇಲೆ ಸಂಖ್ಯೆಗಳಿದ್ದು, ಆರಿಸಿಕೊಂಡ ಮೂರು ಕೀಲಿಗಳ ಸಂಖ್ಯೆಗಳನ್ನು ಕೂಡಿಸಿದಾಗ ಬರುವ ಮೊತ್ತವೇ ಮುಂದಿನ ಕಂಡಿಕೆ. ಇಲ್ಲಿ ಬೆರಳು ಸಿಕ್ಕಿಸಿಕೊಂಡು ಉಪಯೋಗವಿಲ್ಲ, ಏಕೆಂದರೆ ಹೋಗಬೇಕಾದ ಜಾಗದ ಸಂಖ್ಯೆ ಆ ಪುಟದಲ್ಲಿ ಅಚ್ಚಾಗಿಯೇ ಇಲ್ಲ. ಕೀಲಿ ನಿಮ್ಮ ಬಳಿ ಇದೆಯೇ ಎಂದು ಕೇಳಿ ನಿಮ್ಮ ಮಾತನ್ನು ನಂಬುವ ಬದಲು, ಕೀಲಿಯನ್ನು ಕಂಡವರಿಗೆ ಮಾತ್ರ ಗೊತ್ತಿರುವ ಅಂಕಿಯನ್ನೇ ಪುಸ್ತಕ ಬೇಡುತ್ತದೆ. ಕಾಗದದ ಮೇಲೆ ಇದಕ್ಕಿಂತ ಜಾಣ ಕಾವಲುಗಾರನನ್ನು ನಿಲ್ಲಿಸುವುದು ಕಷ್ಟ.

ಜಾಕ್ಸನ್ ಒಬ್ಬರೇ 1983ರಿಂದ 1985ರ ನಡುವೆ ಬರೆದ ‘ಸಾರ್ಸರಿ!’ ಎಂಬ ನಾಲ್ಕು ಸಂಪುಟಗಳ ಕಥೆ ಇದನ್ನು ಇನ್ನೂ ಮುಂದಕ್ಕೆ ಒಯ್ದಿತು. ಅದರಲ್ಲಿ 48 ಮಂತ್ರಗಳು, ಒಂದೊಂದಕ್ಕೂ ಇಂಗ್ಲಿಷಿನ ಮೂರಕ್ಷರದ ಒಂದು ಸಂಕೇತ. ಪ್ರಯಾಣ ಶುರುಮಾಡುವ ಮೊದಲು ಮಂತ್ರಗಳನ್ನು ಬಾಯಿಪಾಠ ಮಾಡಬೇಕು, ಹೊರಟ ಮೇಲೆ ಮಂತ್ರದ ಪುಸ್ತಕವನ್ನು ತೆರೆಯಕೂಡದು. ಅಪಾಯದ ಕ್ಷಣದಲ್ಲಿ ಪುಸ್ತಕ ಐದಾರು ಸಂಕೇತಗಳನ್ನು ಮುಂದಿಡುತ್ತದೆ, ಅವುಗಳಲ್ಲಿ ಕೆಲವು ಅಂಥ ಮಂತ್ರವೇ ಇಲ್ಲದ ಹುಸಿ ಸಂಕೇತಗಳು. ಅವನ್ನು ಆರಿಸಿದರೆ ಕಸುವು ವ್ಯರ್ಥವಾಗುತ್ತದೆ. ಮಗ್ಗಿ ಬಾಯಿಪಾಠಕ್ಕೆ ಮುಖ ಸಿಂಡರಿಸುತ್ತಿದ್ದ ಮಕ್ಕಳು ಈ 48 ಮಂತ್ರಗಳನ್ನು ಯಾರ ಒತ್ತಾಯವೂ ಇಲ್ಲದೆ ಕಲಿತರು.

1984ರಲ್ಲಿ ಆರಂಭವಾದ ಜೋ ಡೆವರ್ ಅವರ ‘ಲೋನ್ ವುಲ್ಫ್’ ಮಾಲೆ ಮತ್ತೊಂದು ಬಗೆಯ ನೆನಪನ್ನು ಕಟ್ಟಿತು. ಒಂದು ಪುಸ್ತಕದಲ್ಲಿ ಗಳಿಸಿದ ವಿದ್ಯೆಯನ್ನೂ ಆಯುಧಗಳನ್ನೂ ಮುಂದಿನ ಪುಸ್ತಕಕ್ಕೆ ಕೊಂಡೊಯ್ಯಬಹುದಾಗಿತ್ತು. ದಾಳವೂ ಬೇಕಿರಲಿಲ್ಲ, ಪುಸ್ತಕದ ಹಿಂಬದಿಯಲ್ಲಿ 0ಯಿಂದ 9ರವರೆಗಿನ ಅಂಕಿಗಳನ್ನು ಚೆಲ್ಲಿದ ಒಂದು ಕೋಷ್ಟಕವಿತ್ತು, ಕಣ್ಣು ಮುಚ್ಚಿ ಪೆನ್ಸಿಲ್ ಊರಿದರೆ ಆ ಅಂಕಿಯೇ ವಿಧಿ. (ಸ್ವಲ್ಪ ಅಭ್ಯಾಸವಾದ ಮೇಲೆ ಮುಚ್ಚಿದ ಕಣ್ಣಿಗೂ 9 ಎಲ್ಲಿದೆಯೆಂದು ಗೊತ್ತಾಗುತ್ತಿತ್ತೆಂಬುದು ಬೇರೆ ಮಾತು.) ಒಂದೇ ನಾಯಕನಾಗಿ ಪುಸ್ತಕದ ಮೇಲೆ ಪುಸ್ತಕ ದಾಟುತ್ತ ಬೆಳೆದ ಓದುಗರಿಗೆ ಅವನ ವಯಸ್ಸೂ ತಮ್ಮ ವಯಸ್ಸೂ ಒಟ್ಟಿಗೇ ಏರಿದಂತೆ ಅನಿಸಿದ್ದರೆ ಆಶ್ಚರ್ಯವಿಲ್ಲ.

ಈ ಎಲ್ಲ ಪುಸ್ತಕಗಳನ್ನೂ ಹೊಲಿದ ದಾರ ಒಂದು ಸರ್ವನಾಮ. ಇಲ್ಲಿ ಕಥಾನಾಯಕನ ಹೆಸರು ಬಹುಮಟ್ಟಿಗೆ ‘ಯೂ’. ಇಂಗ್ಲಿಷಿನ ಆ ಪದ ಏಕವಚನವೋ ಬಹುವಚನವೋ, ಗೌರವದ್ದೋ ಸಲಿಗೆಯದೋ, ಹೆಣ್ಣೋ ಗಂಡೋ ಏನನ್ನೂ ಹೇಳುವುದಿಲ್ಲವಾದ್ದರಿಂದ ಯಾವ ಮಗುವಾದರೂ ಅದರೊಳಗೆ ಹೊಕ್ಕು ಕೂರಬಹುದು. ‘ಚೂಸ್ ಯುವರ್ ಓನ್ ಅಡ್ವೆಂಚರ್’ ಪುಸ್ತಕಗಳ ಚಿತ್ರಗಳಲ್ಲಿ ಆ ‘ಯೂ’ ಬಹಳಷ್ಟು ಸಲ ಹುಡುಗನಾಗಿ ಕಾಣಿಸಿಕೊಂಡು ಹುಡುಗಿಯರನ್ನು ಹೊರಗೆ ನಿಲ್ಲಿಸಿದ್ದುಂಟು. ‘ಫೈಟಿಂಗ್ ಫ್ಯಾಂಟಸಿ’ಯ ಚಿತ್ರಗಳು ಹೆಚ್ಚಾಗಿ ನಾಯಕನ ಕಣ್ಣಿನಿಂದಲೇ ನೋಡಿದಂತೆ ಇದ್ದುದರಿಂದ ಆ ತೊಡಕನ್ನು ಜಾಣತನದಿಂದ ದಾಟಿದವು. ಫ್ರೆಂಚ್ ಅನುವಾದಕರು ಸಲಿಗೆಯ ರೂಪವನ್ನು ಬಿಟ್ಟು ಗೌರವದ ‘ವೂ’ ರೂಪವನ್ನು ಆರಿಸಿಕೊಂಡರು; ಅಲ್ಲಿನ ಮಾಲೆಯ ಹೆಸರಿನಲ್ಲೇ ‘ನೀವೇ ನಾಯಕರಾಗಿರುವ ಪುಸ್ತಕ’ ಎಂಬ ಅರ್ಥವಿದೆ. ಕನ್ನಡದಲ್ಲಿ ಇಂಥದ್ದನ್ನು ಬರೆಯಲು ಕೂತವರಿಗೂ ಮೊದಲ ವಾಕ್ಯದಲ್ಲೇ ಈ ಕವಲು ಎದುರಾಗುತ್ತದೆ. ‘ನೀನು ಬಾಗಿಲು ತೆರೆದೆ’ ಎಂದರೆ ಅಣ್ಣನೋ ಅಜ್ಜಿಯೋ ಪಕ್ಕದಲ್ಲಿ ಕೂತು ಹೇಳುತ್ತಿರುವಂತಿರುತ್ತದೆ. ‘ನೀವು ಬಾಗಿಲು ತೆರೆದಿರಿ’ ಎಂದರೆ ಮಗುವನ್ನು ಒಮ್ಮೆಗೇ ದೊಡ್ಡವರ ಸಾಲಿನಲ್ಲಿ ನಿಲ್ಲಿಸಿದಂತಾಗುತ್ತದೆ. ಆದರೆ ಎರಡರಲ್ಲೂ ಕ್ರಿಯಾಪದ ಹೆಣ್ಣು ಗಂಡಿನ ಗುಟ್ಟನ್ನು ಬಿಟ್ಟುಕೊಡುವುದಿಲ್ಲ. ಹಿಂದಿಯಲ್ಲಿ ‘ನೀನು ಹೋದೆ’ ಎಂದು ಬರೆಯುವಾಗಲೇ ಹೋದದ್ದು ಹುಡುಗನೋ ಹುಡುಗಿಯೋ ಎಂದು ತೀರ್ಮಾನಿಸಬೇಕಾಗುತ್ತದೆ. ಗೇಮ್‌ಬುಕ್ಕಿನ ಮಟ್ಟಿಗೆ ಕನ್ನಡದ ಮಧ್ಯಮ ಪುರುಷ ಹೇಳಿ ಮಾಡಿಸಿದಂತಿದೆ.

ನೆನಪಿನ ವಿಷಯಕ್ಕೆ ಬಂದರೆ ಈ ಸರ್ವನಾಮದ ಕೆಲಸ ಇನ್ನೂ ಸ್ಪಷ್ಟವಾಗುತ್ತದೆ. ಬೇರೆ ಪುಸ್ತಕಗಳ ಬಗ್ಗೆ ಮಾತನಾಡುವಾಗ ನಾವು ನಾಯಕ ಬಾವಿಗೆ ಬಿದ್ದನೆನ್ನುತ್ತೇವೆ. ಗೇಮ್‌ಬುಕ್ ಓದಿದವರು ಮೂವತ್ತು ವರ್ಷಗಳ ನಂತರವೂ ‘ನಾನು ಬಾವಿಗೆ ಬಿದ್ದೆ’ ಎನ್ನುತ್ತಾರೆ. ಆ ಬೀಳುವಿಕೆಯ ಹಿಂದೆ ಒಂದು ತೀರ್ಮಾನ, ಅದರ ಹಿಂದೆ ಒಂದು ಅನುಮಾನ, ಅದರ ಹಿಂದೆ ಪುಟದಲ್ಲಿ ಸಿಕ್ಕಿಸಿಟ್ಟ ಒಂದು ಬೆರಳು ಇದ್ದುದರಿಂದ ಅದು ಓದಿದ ನೆನಪಾಗುವುದಿಲ್ಲ, ಮಾಡಿದ ನೆನಪಾಗುತ್ತದೆ. ಚೌಕಳಿ ಹಾಳೆಯ ಮೇಲೆ ಬಿಡಿಸಿದ ನಕ್ಷೆ, ಕಸುವಿನ ಅಂಕಿಯನ್ನು ಅಳಿಸಿ ಅಳಿಸಿ ತೂತಾದ ಕಾಗದ, ಅಮ್ಮ ದೀಪ ಆರಿಸಲು ಬಂದಾಗ ಇನ್ನೂ ಮುಗಿಯದ ಹೊಡೆದಾಟ, ಇವೆಲ್ಲವೂ ಕಥೆಯ ಭಾಗವಾಗಿಯೇ ಉಳಿಯುತ್ತವೆ.

1990ರ ದಶಕದಲ್ಲಿ ಕಂಪ್ಯೂಟರ್ ಆಟಗಳು ಇದೇ ಕೆಲಸವನ್ನು ಬಣ್ಣ ಮತ್ತು ಸದ್ದಿನೊಡನೆ ಮಾಡತೊಡಗಿದಾಗ ಗೇಮ್‌ಬುಕ್‌ಗಳ ಮಾರುಕಟ್ಟೆ ಬತ್ತಿತು. ಪೂರ್ತಿ ಅಳಿಯಲಿಲ್ಲ. ಡೆವರ್ ತಮ್ಮ ಪುಸ್ತಕಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಹಂಚಲು ‘ಪ್ರಾಜೆಕ್ಟ್ ಏಯಾನ್’ ಎಂಬ ಅಭಿಮಾನಿಗಳ ಬಳಗಕ್ಕೆ ಅನುಮತಿ ಕೊಟ್ಟರು. ಮಾಂಟ್‌ಗೊಮರಿ ಅವರ ಚೂಸ್‌ಕೋ ಸಂಸ್ಥೆ ಹಳೆಯ ಶೀರ್ಷಿಕೆಗಳನ್ನು ಮತ್ತೆ ಅಚ್ಚು ಹಾಕಿತು. ನೆಟ್‌ಫ್ಲಿಕ್ಸ್ 2018ರ ಕೊನೆಯಲ್ಲಿ ವೀಕ್ಷಕರೇ ಆಯ್ಕೆ ಮಾಡುವ ‘ಬ್ಯಾಂಡರ್‌ಸ್ನ್ಯಾಚ್’ ಚಿತ್ರವನ್ನು ಬಿಡುಗಡೆ ಮಾಡಿದಾಗ, ಪಾತ್ರವೊಂದರ ಬಾಯಲ್ಲಿ ತಮ್ಮ ಮಾಲೆಯ ಹೆಸರು ಬಂತೆಂದು ಚೂಸ್‌ಕೋ ನ್ಯಾಯಾಲಯದ ಮೆಟ್ಟಿಲೇರಿದ್ದೂ ಆಯಿತು. ‘ಸಾರ್ಸರಿ!’ 2013ರಿಂದ ಮೊಬೈಲ್ ಫೋನಿನಲ್ಲಿ ಆ್ಯಪ್ ಆಗಿ ಸಿಗುತ್ತದೆ. ಅದು ಚೆನ್ನಾಗಿದೆ, ಅದರಲ್ಲಿ ಹಿಂದಿನ ಯಾವುದೇ ತೀರ್ಮಾನಕ್ಕೆ ಮರಳಿಹೋಗುವ ಸೌಲಭ್ಯವೂ ಇದೆ. ಅಂದರೆ ಬೆರಳಿನ ಕೆಲಸವನ್ನು ಯಂತ್ರವೇ ಅಧಿಕೃತವಾಗಿ ವಹಿಸಿಕೊಂಡಿದೆ. ಆದರೆ ಅನುಮತಿ ಪಡೆದು ಹಿಂದಕ್ಕೆ ಹೋಗುವುದರಲ್ಲಿ ಆ ಹಳೆಯ ಕಳ್ಳತನದ ರುಚಿ ಇಲ್ಲ. ಲೆಕ್ಕವನ್ನು ಯಂತ್ರವೇ ಇಡುತ್ತದೆ, ನಾವು ಎಲ್ಲಿಗೆ ಹೋಗಿಬಂದೆವೆಂಬುದೂ ಅದಕ್ಕೆ ಗೊತ್ತು.

ನಾನು ಈ ಪುಸ್ತಕಗಳನ್ನು ಓದಿದ್ದು ಬೆಂಗಳೂರಿನ ಒಂದು ಬಾಡಿಗೆ ಪುಸ್ತಕಾಲಯದಿಂದ ತಂದು. ಆಮೇಲೆ ಅಂಥದೇ ಕೆಲವನ್ನು ಅವೆನ್ಯೂ ರಸ್ತೆಯ ಫುಟ್‌ಪಾತಿನ ಹಳೆಯ ಪುಸ್ತಕಗಳ ರಾಶಿಯಿಂದ ಹೆಕ್ಕಿದ್ದೂ ಉಂಟು. ಬಾಡಿಗೆ ಪುಸ್ತಕವೆಂದ ಮೇಲೆ ನನಗಿಂತ ಮುಂಚೆ ಹತ್ತಾರು ಮಕ್ಕಳು ಅದೇ ಬೆಟ್ಟದೊಳಗೆ ಓಡಾಡಿರುತ್ತಿದ್ದರು. ಅಂಕಿಗಳನ್ನು ಬರೆದುಕೊಳ್ಳುವ ಪುಟದಲ್ಲಿ ಅವರ ಪೆನ್ಸಿಲ್ ಗುರುತುಗಳು ಒಂದರ ಮೇಲೊಂದು ಅಳಿಸಿದ್ದರೂ ಕಾಣುತ್ತಿದ್ದವು. ಯಾರ ಕೌಶಲವೂ 12ಕ್ಕಿಂತ ಕಡಿಮೆ ಇದ್ದ ನೆನಪು ನನಗಿಲ್ಲ. ಒಂದು ಪ್ರತಿಯಲ್ಲಿ, ಸುರಂಗ ಎರಡಾಗುವ ಕಂಡಿಕೆಯ ಪಕ್ಕದ ಅಂಚಿನಲ್ಲಿ, ಪಶ್ಚಿಮದ ದಾರಿಯ ಸಂಖ್ಯೆಗೆ ಗೆರೆ ಎಳೆದು ಯಾರೋ ಕನ್ನಡದಲ್ಲಿ ‘ಈ ಕಡೆ ಹೋಗ್ಬೇಡ’ ಎಂದು ಬರೆದಿದ್ದರು. ಅದರ ಕೆಳಗೆ ಇನ್ನೊಂದು ಕೈಬರಹದಲ್ಲಿ ‘ಸುಳ್ಳು, ಹೋಗು’ ಎಂದಿತ್ತು. ಮುದ್ರಿತ ಆಯ್ಕೆಗಳು ಎರಡೇ ಇದ್ದ ಆ ಪುಟದಲ್ಲಿ, ಹೆಸರು ಗೊತ್ತಿಲ್ಲದ ಇಬ್ಬರಲ್ಲಿ ಯಾರನ್ನು ನಂಬಬೇಕೆಂಬ ಮೂರನೆಯದೊಂದು ಸೇರಿಕೊಂಡಿತ್ತು. ತೋರುಬೆರಳನ್ನು ಅಲ್ಲಿ ಸಿಕ್ಕಿಸಿಟ್ಟುಕೊಂಡು ನಾನು ಪಶ್ಚಿಮಕ್ಕೆ ಹೋದೆ.